ಅಕ್ಷಿಪಟಲ ಶಸ್ತ್ರಚಿಕಿತ್ಸೆಯ ಬಣ್ಣ ಮತ್ತು ಕಣ್ಣಿನ ಉರಿಯೂತ

ಅಕ್ಷಿಪಟಲದ, ಅಂದರೆ ರೆಟಿನಾದ, ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಬಣ್ಣದ ದ್ರಾವಣದಿಂದ ಕೆಲವೊಮ್ಮೆ ಕಣ್ಣಿನೊಳಗೆ ಉರಿಯೂತ ಉಂಟಾಗುತ್ತದೆ. ಇದು ಅಪರೂಪ. ಆದರೆ ಒಂದು ತಯಾರಿಕೆಯ ದ್ರಾವಣ ಕೆಟ್ಟಿದ್ದರೆ ಹಲವರ ಕಣ್ಣಿಗೆ ಒಟ್ಟಿಗೇ ಕುತ್ತು ಬರುತ್ತದೆ.

ದೃಷ್ಟಿಯ ಕೇಂದ್ರವಾದ ಮ್ಯಾಕುಲಾದಲ್ಲಿ ರಂಧ್ರ ಬಿದ್ದಾಗ ವೈದ್ಯರು ಕಣ್ಣೊಳಗಿನ ಲೋಳೆಯನ್ನು ತೆಗೆದು, ಅಕ್ಷಿಪಟಲದ ಮೇಲಿನ ತೆಳುಪದರವನ್ನು ಸುಲಿಯುತ್ತಾರೆ. ಕೆಲವೇ ಮೈಕ್ರಾನ್ ದಪ್ಪದ ಆ ಪದರ ಪಾರದರ್ಶಕ. ಸೂಕ್ಷ್ಮದರ್ಶಕದಲ್ಲೂ ಅದರ ಅಂಚು ಸಿಗುವುದು ಕಷ್ಟ. ಸ್ವಲ್ಪ ಬಣ್ಣ ಬಿಟ್ಟು ತೊಳೆದರೆ ಪದರ ಎದ್ದು ಕಾಣುತ್ತದೆ, ಚಿಮುಟದ ತುದಿಗೆ ಸಿಗುತ್ತದೆ. 2000ರ ಹೊತ್ತಿಗೆ ಇದಕ್ಕೆ ಇಂಡೊಸಯನಿನ್ ಗ್ರೀನ್ ಬಳಕೆಗೆ ಬಂತು. ಅದು ಅಕ್ಷಿಪಟಲದ ಕೋಶಗಳಿಗೆ ಹಾನಿ ಮಾಡಬಹುದೆಂದು ತಿಳಿದ ಮೇಲೆ, 2006ರಿಂದ ಬ್ರಿಲಿಯಂಟ್ ಬ್ಲೂ ಹೆಚ್ಚು ಮೆಚ್ಚಿಗೆ ಪಡೆಯಿತು.

ಹಾನಿಗೆ ಎರಡು ದಾರಿ. ಸಾಂದ್ರತೆ ಹೆಚ್ಚಾದರೆ, ಬಣ್ಣ ಹೆಚ್ಚು ಹೊತ್ತು ಉಳಿದರೆ ಅಥವಾ ದ್ರಾವಣದಲ್ಲಿ ಕಲ್ಮಶವಿದ್ದರೆ ಸೋಂಕಿಲ್ಲದೆಯೇ ಕಣ್ಣು ಕೆರಳಬಹುದು. ದ್ರಾವಣದಲ್ಲೇ ಬ್ಯಾಕ್ಟೀರಿಯಾ, ಶಿಲೀಂಧ್ರ ಸೇರಿದ್ದರೆ ಅದು ನೇರ ಸೋಂಕು.

2012ರಲ್ಲಿ ಅಮೆರಿಕದಲ್ಲಿ ಬೆಳಕಿಗೆ ಬಂದದ್ದು ಎರಡನೆಯದು. ಫ್ಲಾರಿಡಾದ ಒಂದೇ ಔಷಧಾಲಯ ತಯಾರಿಸಿದ ಬ್ರಿಲಿಯಂಟ್ ಬ್ಲೂ ಅಥವಾ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಬಳಸಿದ ರೋಗಿಗಳ ಕಣ್ಣಿಗೆ ಶಿಲೀಂಧ್ರ ತಗುಲಿತು. ಒಟ್ಟು 9 ರಾಜ್ಯಗಳಲ್ಲಿ 47 ಪ್ರಕರಣಗಳು ಪತ್ತೆಯಾದವು. ಬಣ್ಣದ ದ್ರಾವಣದ ಪ್ರಕರಣಗಳಲ್ಲಿ ಕಂಡದ್ದು ಫ್ಯುಸೇರಿಯಂ ಶಿಲೀಂಧ್ರ.

ಕರ್ನಾಟಕಕ್ಕೂ ಇಂಥ ಪಾಠ ಸಿಕ್ಕಿದೆ. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ 2019ರ ಜುಲೈನಲ್ಲಿ ಪೊರೆ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಹಲವರು ಸೋಂಕಿನಿಂದ ದೃಷ್ಟಿ ಕಳೆದುಕೊಂಡರು. ಅಲ್ಲಿ ಅನುಮಾನ ಹುಟ್ಟಿದ್ದು ಬಣ್ಣದ ಮೇಲಲ್ಲ, ಕಣ್ಣೊಳಗೆ ಬಿಟ್ಟ ಜೆಲ್ಲಿನ ಮೇಲೆ. ಕಣ್ಣಿನೊಳಗೆ ಹೋಗುವ ಪ್ರತಿಯೊಂದು ಹನಿಯ ಬ್ಯಾಚ್ ಸಂಖ್ಯೆಯೂ ರೋಗಿಯ ಕಡತದಲ್ಲಿ ದಾಖಲಾಗಲೇಬೇಕು. ಹಾಗಿದ್ದರೆ ಮಾತ್ರ ತಪ್ಪಿನ ಮೂಲ ಬೇಗ ಸಿಗುತ್ತದೆ.

ಸೋಂಕಿಲ್ಲದ ಉರಿಯೂತ ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಕಾಣಿಸುತ್ತದೆ, ಸ್ಟೀರಾಯ್ಡ್ ಹನಿಗಳಿಗೆ ಬಗ್ಗುತ್ತದೆ. ಬ್ಯಾಕ್ಟೀರಿಯಾದ ಸೋಂಕು ಹೆಚ್ಚಾಗಿ ಮೊದಲ ವಾರದಲ್ಲಿ ತಲೆದೋರಿದರೆ, ಶಿಲೀಂಧ್ರದ್ದು ವಾರಗಳ ನಂತರವೂ ಬರಬಹುದು. ಆರಂಭದಲ್ಲಿ ಇವುಗಳನ್ನು ಬೇರ್ಪಡಿಸುವುದು ಸುಲಭವಲ್ಲ. ಆದ್ದರಿಂದ ಅನುಮಾನ ಬಂದ ಕೂಡಲೇ ಕಣ್ಣಿನ ದ್ರವವನ್ನು ಪರೀಕ್ಷೆಗೆ ಕಳಿಸಿ, ಕಣ್ಣೊಳಗೇ ಆಂಟಿಬಯೋಟಿಕ್ ಚುಚ್ಚುತ್ತಾರೆ.

ಹಲಸಂಗಿ, ಇಂಡಿ, ಸಿಂದಗಿಯಂಥ ಊರುಗಳಿಂದ ದೂರದ ಪಟ್ಟಣಕ್ಕೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳುವವರು ಇದನ್ನು ನೆನಪಿಡಬೇಕು: ನೋವು ಏರಿದರೆ, ಕಣ್ಣು ಕೆಂಪೇರಿದರೆ, ದೃಷ್ಟಿ ಮತ್ತಷ್ಟು ಮಸುಕಾದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು.