ಬಂಡೆಯ ಮೇಲಣ ಗೀರು

ಗೆರೆ, ಗೀರು ಎಂಬೆರಡು ಪದಗಳನ್ನು ಕನ್ನಡವು ಬೇರೆಬೇರೆಯಾಗಿಯೇ ಇರಿಸಿಕೊಂಡಿದೆ. ಅಂಗೈಯಲ್ಲಿರುವುದು ಗೆರೆ, ಮುಳ್ಳು ತಾಗಿದ ಮೈಮೇಲೆ ಉಳಿಯುವುದು ಗೀರು. ಲ್ಯಾಟಿನ್ ಭಾಷೆಯ ‘ಸ್ಟ್ರಿಯ’ಕ್ಕೆ ಈ ವಿವೇಚನೆಯಿಲ್ಲ. ವಿಟ್ರೂವಿಯಸನು ಕಂಬದ ನೀಳವಾದ ತೋಡುಗಳಿಗೆ ಬಳಸಿದ ಅದೇ ಶಬ್ದವನ್ನು ವೈದ್ಯರು ಗರ್ಭಿಣಿಯ ಒಡಲಿನ ಪಟ್ಟೆಗಳಿಗೂ, ಭೂವಿಜ್ಞಾನಿಗಳು ಹಿಮನದಿಯು ಬಂಡೆಯಲ್ಲಿ ಕೊರೆದ ಗೀರುಗಳಿಗೂ ಹಚ್ಚಿದರು. ಚರಿತ್ರಕಾರನಿಗೆ ಹೆಚ್ಚು ಬೇಕಾದುದು ಈ ಕಡೆಯದು.

ಯೂರೋಪಿನ ಬಹುಭಾಗವು ಹಿಂದೊಮ್ಮೆ ಹಿಮದಡಿಯಲ್ಲಿತ್ತೆಂದು ಲೂಯಿ ಅಗಾಸಿಯು 1837ರಲ್ಲಿ ಸಾರಿದಾಗ ಅಲ್ಲಿನ ವಿದ್ವಾಂಸರೇ ಹಿಂಜರಿದರು. ಶೀತದೇಶದ ಮಾತು ಹೀಗಿರಲು, ಉಷ್ಣವಲಯದ ಭಾರತದಲ್ಲಿ ಹಿಮದ ಸೊಲ್ಲೆತ್ತುವುದು ಸಾಹಸವೇ ಸರಿ. ಆದರೂ ಬ್ಲಾನ್‌ಫರ್ಡ್ ಸೋದರರು ಮತ್ತು ಥಿಯೊಬಾಲ್ಡ್, ಒಡಿಶಾದ ತಾಲ್ಚೇರ್ ಕಲ್ಲಿದ್ದಲ ಕ್ಷೇತ್ರವನ್ನು ಕುರಿತ 1856ರ ವರದಿಯಲ್ಲಿ, ಆ ಸೊಲ್ಲನ್ನೆತ್ತಿದರು. ಅಲ್ಲಿ ನುಣುಪಾದ ಜೇಡಿಯ ಪದರದಲ್ಲಿ ಭಾರಿ ಗುಂಡುಗಳು ಹುದುಗಿದ್ದುವು. ಜೇಡಿ ತಂಗುವುದು ನಿಂತ ನೀರಿನಲ್ಲಿ. ಅಂಥ ಗುಂಡುಗಳನ್ನು ಉರುಳಿಸಬಲ್ಲ ಪ್ರವಾಹವು ಜೇಡಿಯನ್ನು ಉಳಿಸಲಾರದು. ಎರಡನ್ನೂ ಒಂದೆಡೆ ಇಳಿಸಬಲ್ಲುದು ಮಂಜುಗಡ್ಡೆಯೊಂದೇ ಎಂಬುದು ಅವರ ತರ್ಕ. ತರ್ಕವು ಬಲವಾದುದೇ, ಆದರೆ ನೆಲದ ಸಾಕ್ಷ್ಯವಿರಲಿಲ್ಲ.

ಅದು ದೊರೆತುದು ಇಂದಿನ ಮಹಾರಾಷ್ಟ್ರದ ಚಂದ್ರಪುರದ ಬಳಿಯ ಇರಾಯಿಯಲ್ಲಿ. ಅಲ್ಲಿ ಗುಂಡುಪದರದ ಅಡಿಯ ಸುಣ್ಣಕಲ್ಲಿನ ಹಾಸು ಉಜ್ಜಿದಂತೆ ನಯವಾಗಿದ್ದು, ಅದರ ಮೇಲೆ ಸಮಾಂತರವಾದ ಗೀರುಗಳಿದ್ದುವು. ಗೀರು ಬಿದ್ದುದೆಲ್ಲ ಹಿಮದ ಕೆಲಸವಲ್ಲ. ಬಿರುಕುಬಿಟ್ಟ ಶಿಲೆಯ ಎರಡು ಮೈಗಳು ಒಂದರಮೇಲೊಂದು ಸರಿದಾಗಲೂ ಇಂಥ ಗೀರುಗಳೇಳುತ್ತವೆ. ಇರಾಯಿಯ ವಿಶೇಷವೆಂದರೆ, ಹಾಸೂ ಗೀರಿದೆ, ಮೇಲಣ ಗುಂಡುಗಳೂ ಗೀರಿವೆ. ಉಳಿಯೂ ಕೆತ್ತನೆಯೂ ಒಂದೇ ಕಡೆ ಉಳಿದಂತೆ. ಇದನ್ನು 1875ರಲ್ಲಿ ಪ್ರಕಟಿಸಿದ ಫೆಡ್ಡೆನ್ ಹಿಮನದಿಯೆನ್ನದೆ ‘ತಳಮಂಜು’ ಎಂದೇ ಶೀರ್ಷಿಕೆಯಲ್ಲಿ ಬರೆದನು. ಇದನ್ನು ಅಂಜುಬುರುಕುತನವೆನ್ನಲಾಗದು, ಕಂಡುದಕ್ಕಿಂತ ಹೆಚ್ಚು ನುಡಿಯದ ಸಂಯಮವದು.

ಹಿಮವಿದ್ದುದನ್ನು ಒಪ್ಪಿದರೂ ಅದು ಇಲ್ಲಿಗೇಕೆ ಬಂದಿತೆಂಬ ಪ್ರಶ್ನೆ ಉಳಿಯಿತು. ಆಫ್ರಿಕದ ದಕ್ಷಿಣದಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಇಂಥವೇ ಗೀರುಗಳು ಕಂಡಮೇಲೆ ಅದು ಇನ್ನಷ್ಟು ಜಟಿಲವಾಯಿತು. ಈ ಖಂಡಗಳೆಲ್ಲ ಒಮ್ಮೆ ಕೂಡಿಕೊಂಡು ದಕ್ಷಿಣ ಧ್ರುವದ ಆಸುಪಾಸಿನಲ್ಲಿದ್ದುವೆಂದು ವೇಗೆನರನು 1915ರ ಗ್ರಂಥದಲ್ಲಿ ವಾದಿಸಿದನು. ಆ ವಾದವನ್ನು ಬಹುಮಂದಿ ದಶಕಗಳ ಕಾಲ ಅಲ್ಲಗಳೆದರು. ಸಾಗರತಳದ ಶೋಧಗಳಿಂದ 1960ರ ದಶಕದಲ್ಲಷ್ಟೇ ಅದಕ್ಕೆ ಮನ್ನಣೆ ದೊರೆಯಿತು. ಹಿಮವು ಬಂದಿರಲಿಲ್ಲ, ಭಾರತವೇ ಅಲ್ಲಿಂದ ಹೊರಟು ಬಂದಿತ್ತು.

ಆ ಹಿಮದ ಕಾಲ ಸುಮಾರು 30 ಕೋಟಿ ವರ್ಷಗಳ ಹಿಂದಿನದು. ಹಿಮ ಕರಗಿದ ಬಳಿಕ ಬೆಳೆದ ಕಾಡುಗಳೇ ತಾಲ್ಚೇರ್, ಚಂದ್ರಪುರ, ಸಿಂಗರೇಣಿಗಳ ಕಲ್ಲಿದ್ದಲು. ಕನ್ನಡನಾಡಿನಲ್ಲಿ ಈ ಪದರಗಳಿಲ್ಲ. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ ಕಲ್ಲಿದ್ದಲು ಸಿಂಗರೇಣಿಯಿಂದ ರೈಲಿನಲ್ಲಿ ಬರುತ್ತದೆ.