ಬಾವಿ ನೀರಿನಲ್ಲಿ ನೈಟ್ರೇಟ್: ಕುದಿಸಿದರೆ ಹೋಗದು

ನೈಟ್ರೇಟ್ ಎಂದರೆ ಸನ್ನತಿ, ಸೇಡಂ, ಚಿತ್ತಾಪುರ ಕಡೆಯ ಬಯಲುಸೀಮೆಯ ಕೊಳವೆಬಾವಿಗಳ ತೊಂದರೆ, ಧಾರಾಳ ಮಳೆ ಬೀಳುವ ಕರಾವಳಿಗೆ ಅದರ ಭಯವಿಲ್ಲ ಎಂದು ನಾವು ತಿಳಿದಿದ್ದೇವೆ. ಅದು ಪೂರ್ತಿ ಸರಿಯಲ್ಲ.

ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಂತೆ ಕರ್ನಾಟಕದ ಮಾದರಿಗಳಲ್ಲಿ ಸುಮಾರು ಶೇ. 48 ಈ ಮಿತಿಯನ್ನು ದಾಟಿದ್ದವು. ರಸಗೊಬ್ಬರ, ಹಟ್ಟಿಯ ಗಂಜಲ, ಪಾಯಿಖಾನೆ ಗುಂಡಿ ಇದರ ಮುಖ್ಯ ಮೂಲಗಳು. ನಮ್ಮ ಮುರಕಲ್ಲು ತೂತುಗಳಿಂದ ತುಂಬಿದ್ದು, ಗುಂಡಿಯ ನೀರು ಬೇಗನೆ ಬಾವಿಗೆ ಇಳಿಯುತ್ತದೆ. ಹತ್ತು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಗುಂಡಿ ಮೂರೂ ಇರುವಾಗ ಅಂತರ ಎಲ್ಲಿಂದ ಬರಬೇಕು?

ಹೆಚ್ಚಿನ ಅಪಾಯ ಆರು ತಿಂಗಳೊಳಗಿನ, ಬಾಟಲಿ ಹಾಲಿನ ಶಿಶುಗಳಿಗೆ. ನೈಟ್ರೇಟ್ ದೇಹದಲ್ಲಿ ನೈಟ್ರೈಟ್ ಆಗಿ, ರಕ್ತವು ಆಮ್ಲಜನಕ ಒಯ್ಯದಂತೆ ತಡೆಯುತ್ತದೆ. ತುಟಿ, ಉಗುರು ನೀಲಿಯಾಗುತ್ತವೆ. ಕೂಡಲೇ ಚಿಕಿತ್ಸೆ ಸಿಗದಿದ್ದರೆ ಮಗು ಸಾಯಲೂಬಹುದು. 1945ರಲ್ಲಿ ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ ಇದಕ್ಕೂ ಬಾವಿ ನೀರಿಗೂ ಇರುವ ಸಂಬಂಧವನ್ನು ತೋರಿಸಿದರು.

ಮಗುವಿಗೆಂದು ನಾವು ನೀರು ಕುದಿಸಿ ಆರಿಸುತ್ತೇವೆ. ಕ್ರಿಮಿಗಳಿಗೆ ಅದು ಸರಿಯೇ. ಆದರೆ ನೈಟ್ರೇಟ್ ಕುದಿಸಿದರೆ ಹೋಗದು, ನೀರು ಆವಿಯಾದಷ್ಟೂ ಹೆಚ್ಚು ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರಿನಿಂದಲೂ ಪ್ರಯೋಜನವಿಲ್ಲ. ಆರ್‌ಓ ಯಂತ್ರ ತೆಗೆಯಬಲ್ಲದು. ಬಣ್ಣ, ವಾಸನೆ ಇಲ್ಲದ್ದರಿಂದ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ ತಿಳಿಯುವಂತಿಲ್ಲ.

ಬಾಣಂತಿ ಇರುವ ಮನೆಗೆ ವಾಳೆಯ ಗುರಿಕಾರರು ಹೋದಾಗ, ಬಾವಿಗೂ ಗುಂಡಿಗೂ ಎಷ್ಟು ದೂರವೆಂದು ಒಮ್ಮೆ ಕೇಳಲಿ.