ಜರ್ಮನಿಯ ತಟ್ಟೆ, ಹಾಸನದ ಗೆಡ್ಡೆ

ಜರ್ಮನಿಯ ಪಾಟ್ಸ್‌ಡಾಮ್ ನಗರದ ಸಾನ್‌ಸೂಸಿ ಅರಮನೆಯ ಆವರಣದಲ್ಲಿ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್‌ನ ಸಮಾಧಿ ಇದೆ. ನೋಡಲು ಬಂದವರು ಅದರ ಮೇಲೆ ಹೂವಿನ ಜೊತೆಗೆ ಆಲೂಗೆಡ್ಡೆಯನ್ನೂ ಇಟ್ಟು ಹೋಗುತ್ತಾರೆ. ಆತ ಗೆದ್ದ ಯುದ್ಧಗಳನ್ನು ಇತಿಹಾಸದ ಪುಸ್ತಕಗಳು ನೆನೆದರೆ, ಜನಸಾಮಾನ್ಯರು ನೆನೆಯುವುದು ಈ ಗೆಡ್ಡೆಯ ಕಾರಣಕ್ಕೆ. ಮುಂಗಾರಿಗೆ ಮುನ್ನ ಬಿತ್ತನೆ ಗೆಡ್ಡೆಗಾಗಿ ಎಪಿಎಂಸಿ ಪ್ರಾಂಗಣದಲ್ಲಿ ಸಾಲು ನಿಲ್ಲುವ ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ರೈತರಿಗೆ ಇದು ವಿಚಿತ್ರವೆನಿಸಲಾರದು. ಒಂದು ಗೆಡ್ಡೆ ಒಂದು ಸಂಸಾರವನ್ನು ಎತ್ತಲೂಬಹುದು, ಇಳಿಸಲೂಬಹುದು ಎಂಬುದನ್ನು ಅವರು ಕಂಡಿದ್ದಾರೆ.

ಓದಿಗೆ, ಉದ್ಯೋಗಕ್ಕೆ ಎಂದು ಜರ್ಮನಿಗೆ ಹೋಗುವವರು ಈಗ ನಮ್ಮ ಜಿಲ್ಲೆಯಲ್ಲೂ ಕಾಣಸಿಗುತ್ತಾರೆ. ಅಲ್ಲಿನ ಊಟವೆಂದರೆ ಮಾಂಸ, ಬ್ರೆಡ್ಡು, ಬಿಯರು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಜರ್ಮನರ ತಟ್ಟೆಯನ್ನು ಅರಿಯಬೇಕಾದರೆ ಆಲೂಗೆಡ್ಡೆಯಿಂದಲೇ ಆರಂಭಿಸಬೇಕು. ಅವರ 'ಸಂಪ್ರದಾಯದ ಊಟ'ದ ಈ ಮುಖ್ಯ ವಸ್ತು ಜನರ ನಿತ್ಯದ ಆಹಾರವಾಗಿ ಹೆಚ್ಚೆಂದರೆ ಎರಡೂವರೆ ಶತಮಾನ ಕಳೆದಿದೆ.

ಒಲ್ಲದವರೇ ಉಂಡರು

ಆಲೂಗೆಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶ. ಸ್ಪೇನ್ ದೇಶದವರ ಮೂಲಕ ಹದಿನಾರನೆಯ ಶತಮಾನದಲ್ಲಿ ಯೂರೋಪಿಗೆ ಬಂತು. ಮಣ್ಣಿನೊಳಗೆ ಬೆಳೆಯುವ ಈ ಹೊಸ ವಸ್ತುವನ್ನು ಜರ್ಮನ್ ರೈತರು ಬಹುಕಾಲ ಅನುಮಾನದಿಂದಲೇ ನೋಡಿದರು. ಕ್ಷಾಮಗಳಿಂದ ಪಾಠ ಕಲಿತಿದ್ದ ಫ್ರೆಡರಿಕ್ 1756ರ ಮಾರ್ಚ್ 24ರಂದು ಅಧಿಕಾರಿಗಳಿಗೆ ಸುತ್ತೋಲೆ ಕಳಿಸಿ, ಇದರ ಪ್ರಯೋಜನವನ್ನು ರೈತರಿಗೆ ತಿಳಿಸಿ ಬೆಳೆಸಬೇಕೆಂದು ಆಜ್ಞಾಪಿಸಿದ. ದೊರೆ ತನ್ನ ಆಲೂಗೆಡ್ಡೆ ಹೊಲಕ್ಕೆ ಸಿಪಾಯಿಗಳನ್ನು ಕಾವಲಿಟ್ಟ, ಇಷ್ಟು ಕಾಯುವ ವಸ್ತು ಬೆಲೆಯುಳ್ಳದ್ದೇ ಇರಬೇಕೆಂದು ಜನ ರಾತ್ರಿ ಕದ್ದೊಯ್ದು ನೆಟ್ಟರು ಎಂಬ ಕತೆಯೂ ಇದೆ. ಇದೇ ಕತೆಯನ್ನು ಫ್ರಾನ್ಸಿನಲ್ಲಿ ಪಾರ್ಮೆಂಟಿಯೆ ಎಂಬುವನ ಬಗ್ಗೆ ಹೇಳುತ್ತಾರೆ. ಆದ್ದರಿಂದ ಅದನ್ನು ಕತೆಯೆಂದೇ ಕೇಳಬೇಕು.

ಜನರ ಮನಸ್ಸನ್ನು ತಿರುಗಿಸಿದ್ದು ಆಜ್ಞೆಗಿಂತ ಹೆಚ್ಚಾಗಿ ಯುದ್ಧ ಮತ್ತು ಹಸಿವು. ನಿಂತ ಗೋಧಿ ಪೈರನ್ನು ಸೈನ್ಯ ತುಳಿಯಬಹುದು, ಸುಡಬಹುದು. ನೆಲದಡಿಯ ಗೆಡ್ಡೆ ಉಳಿಯುತ್ತದೆ. 1778-79ರಲ್ಲಿ ಪ್ರಷ್ಯ ಮತ್ತು ಆಸ್ಟ್ರಿಯ ಸೇನೆಗಳು ದೊಡ್ಡ ಕಾಳಗವಿಲ್ಲದೆ, ಆಹಾರಕ್ಕಾಗಿ ಪರದಾಡುತ್ತಲೇ ಕಾಲ ಕಳೆದ ಯುದ್ಧಕ್ಕೆ 'ಆಲೂಗೆಡ್ಡೆ ಯುದ್ಧ' ಎಂಬ ಹೆಸರೇ ಬಿತ್ತು.

ನಮ್ಮಲ್ಲಿಗೂ ಇದು ಹೊರಗಿನಿಂದ ಬಂದದ್ದೇ. ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು. ಕರಾವಳಿಯ ಕನ್ನಡಿಗರು ಇಂದಿಗೂ 'ಬಟಾಟೆ' ಎನ್ನುವುದು ಅವರ ಭಾಷೆಯಿಂದ ಬಂದ ಮಾತು. ಜರ್ಮನರ 'ಕಾರ್ಟೋಫೆಲ್' ಕೂಡ ಎರವಲೇ. ನೆಲದಡಿ ಬೆಳೆಯುವ ಒಂದು ಬಗೆಯ ಅಣಬೆಗೆ ಇಟಲಿಯವರು ಇಟ್ಟ ಹೆಸರು ಅದು.

ಮುದ್ದೆಯ ನೆಂಟ

ಜರ್ಮನ್ ಅಡಿಗೆಯಲ್ಲಿ ಹಾಸನದವರಿಗೆ ತಕ್ಷಣ ಗುರುತು ಸಿಗುವ ಪದಾರ್ಥ ಕ್ಲೋಸೆ. ದಕ್ಷಿಣದವರು ಇದನ್ನು ಕ್ನೋಡೆಲ್ ಎನ್ನುತ್ತಾರೆ. ಟ್ಯೂರಿಂಗೆನ್ ಪ್ರಾಂತ್ಯದ ಕ್ರಮದಲ್ಲಿ ಹಸಿ ಆಲೂಗೆಡ್ಡೆಯನ್ನು ತುರಿದು, ಬಟ್ಟೆಯಲ್ಲಿ ನೀರು ಹಿಂಡಿ, ಬೇಯಿಸಿ ಮಸೆದ ಗೆಡ್ಡೆಯೊಂದಿಗೆ ಕಲಸಿ, ನಡುವೆ ಹುರಿದ ಬ್ರೆಡ್ಡಿನ ಚೂರು ಇಟ್ಟು ಉಂಡೆ ಕಟ್ಟುತ್ತಾರೆ. ಕುದಿಯುವ ಹಂತಕ್ಕೆ ಬಂದ ನೀರಿನಲ್ಲಿ ಬಿಟ್ಟು ಬೇಯಿಸಿ, ಮಾಂಸದ ಗೊಜ್ಜಿನೊಡನೆ ಬಡಿಸುತ್ತಾರೆ. ಉಂಡೆಗೆ ತನ್ನದೇ ರುಚಿ ಕಡಿಮೆ, ರಸವನ್ನು ಹೀರಿಕೊಂಡಾಗಲೇ ಅದಕ್ಕೆ ಸೊಗಸು. ಬಸ್ಸಾರಿನಲ್ಲಿ ಮುದ್ದೆ ಅದ್ದಿ ಉಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿಯೂ ಒಂದು ನಿಯಮವಿದೆ. ಕ್ಲೋಸೆಯನ್ನು ಚಾಕುವಿನಿಂದ ಕತ್ತರಿಸಬಾರದು, ಫೋರ್ಕಿನಿಂದ ಬಿಡಿಸಬೇಕು. ಕತ್ತರಿಸಿದ ನುಣುಪು ಮೈ ರಸ ಹೀರುವುದಿಲ್ಲ.

ಬೇಯಿಸಿದ ಆಲೂಗೆಡ್ಡೆಗೂ ಇದೇ ಶಿಸ್ತು. ಹಿಂದಿನ ಕಾಲದ ಚಾಕುವಿನ ಉಕ್ಕು ಗೆಡ್ಡೆ ತಗುಲಿ ಕಪ್ಪಾಗುತ್ತಿತ್ತು, ಅದರಿಂದ ಈ ಪದ್ಧತಿ ಬಂತು ಎನ್ನುತ್ತಾರೆ. ಚಾಕುವಿನ ಉಕ್ಕು ಬದಲಾದರೂ ಹಿರಿಯರ ಎದುರು ಇದನ್ನು ಪಾಲಿಸುವುದು ಮರ್ಯಾದೆ.

ಹೋಗುವವರ ಗಮನಕ್ಕೆ

ಹಳೆಯ ರೂಢಿಯಂತೆ ಜರ್ಮನರಿಗೆ ಬಿಸಿ ಊಟ ಮಧ್ಯಾಹ್ನ. ರಾತ್ರಿ ಬ್ರೆಡ್ಡು, ಚೀಸು, ಉಪ್ಪಿನಲ್ಲಿಟ್ಟ ಸೌತೆಕಾಯಿ ಇಷ್ಟರಲ್ಲೇ ಮುಗಿಸುತ್ತಾರೆ. ನಗರಗಳಲ್ಲಿ ಇದು ಬದಲಾಗಿದ್ದರೂ ಯಾರಾದರೂ ಸಂಜೆ ಮನೆಗೆ ಕರೆದರೆ ದೊಡ್ಡ ಊಟವನ್ನೇ ನಿರೀಕ್ಷಿಸುವಂತಿಲ್ಲ. ಎಲ್ಲರಿಗೂ ಬಡಿಸಿದ ಮೇಲೆ 'ಗೂಟೆನ್ ಆಪೆಟಿಟ್' ಎಂದು ಹೇಳಿಯೇ ತುತ್ತೆತ್ತಬೇಕು.

ಸಸ್ಯಾಹಾರಿಗಳು ಆಲೂಗೆಡ್ಡೆಯ ಹೆಸರು ನೋಡಿ ನಿಶ್ಚಿಂತರಾಗಬಾರದು. ಹುರಿದ ಗೆಡ್ಡೆಯಾದ ಬ್ರಾಟ್‌ಕಾರ್ಟೋಫೆಲ್ನ್‌ನಲ್ಲಿ ಹಂದಿಮಾಂಸದ ಚೂರು ಇರುವುದು ಸಾಮಾನ್ಯ. ಆಲೂಗೆಡ್ಡೆ ಸಲಾಡನ್ನು ಉತ್ತರದಲ್ಲಿ ಮೊಟ್ಟೆಯ ಮಯೋನೀಸ್ ಹಾಕಿ, ದಕ್ಷಿಣದಲ್ಲಿ ಹಲವೆಡೆ ಮಾಂಸದ ಸಾರು ಹಾಕಿ ಮಾಡುತ್ತಾರೆ. 'ಓನೆ ಫ್ಲೈಶ್', ಅಂದರೆ ಮಾಂಸವಿಲ್ಲದೆ, ಎಂದಷ್ಟೇ ಹೇಳಿದರೆ ಸಾಲದು, ಸಾರು ಮತ್ತು ಕೊಬ್ಬಿನ ಬಗ್ಗೆಯೂ ಕೇಳಬೇಕು. ಸಿಪ್ಪೆ ಸಮೇತ ಬೇಯಿಸಿದ ಗೆಡ್ಡೆಗೆ ಗಟ್ಟಿ ಮೊಸರಿನಂಥ ಕ್ವಾರ್ಕ್ ಸೇರಿಸಿ ಕೊಡುವ ಊಟ ಹಿತವಾದುದು. ಲೌಸಿಟ್ಸ್ ಸೀಮೆಯಲ್ಲಿ ಇದಕ್ಕೆ ಅಗಸೆ ಎಣ್ಣೆ ಬಿಡುತ್ತಾರೆ. ಮೊಟ್ಟೆ ತಿನ್ನುವವರಿಗೆ, ತುರಿದ ಗೆಡ್ಡೆಯನ್ನು ಕರಿದು ಸೇಬಿನ ಗೊಜ್ಜಿನೊಡನೆ ಕೊಡುವ ಕಾರ್ಟೋಫೆಲ್‌ಪುಫರ್ ಇದೆ.

ಹೋಟೆಲಿನಲ್ಲಿ ಕುಡಿಯುವ ನೀರಿಗೂ ಹಣ ಕೊಡಬೇಕು. ಸುಮ್ಮನೆ ನೀರು ಎಂದು ಕೇಳಿದರೆ ಸೋಡಾ ಬರುವುದೇ ಹೆಚ್ಚು. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಸಾಮಾನು ಶನಿವಾರವೇ ತಂದಿಟ್ಟುಕೊಳ್ಳಬೇಕು. ಅಂಗಡಿಯ ಆಲೂಗೆಡ್ಡೆ ಚೀಲದ ಮೇಲೆ ಬೆಂದಾಗ ಗಟ್ಟಿ ಉಳಿಯುವುದೋ, ಹಿಟ್ಟಾಗುವುದೋ, ನಡುವಿನದೋ ಎಂದು ಬರೆದಿರುತ್ತದೆ. ಪಲ್ಯಕ್ಕೆ ಮೊದಲನೆಯದು, ಮಸಾಲೆ ದೋಸೆಯ ಒಳಗಿನದಕ್ಕೆ ಎರಡನೆಯದು ಒಗ್ಗುತ್ತದೆ.

ಒಂದೇ ಶತ್ರು

ಈ ಪ್ರೀತಿಗೆ ಜರ್ಮನರು ಬೆಲೆಯನ್ನೂ ತೆತ್ತಿದ್ದಾರೆ. ಐರ್ಲೆಂಡಿನಲ್ಲಿ 1845ರಿಂದ ಲಕ್ಷಾಂತರ ಜನರನ್ನು ಬಲಿತೆಗೆದುಕೊಂಡ ಕ್ಷಾಮಕ್ಕೆ ಕಾರಣವಾದದ್ದು ನಮ್ಮ ರೈತರು ಅಂಗಮಾರಿ ಎಂದು ಕರೆಯುವ ರೋಗ. ಅದಕ್ಕೆ ಮೂಲ ಒಂದು ಸೂಕ್ಷ್ಮಜೀವಿ ಎಂದು 1861ರಲ್ಲಿ ತೋರಿಸಿದವನು ಜರ್ಮನ್ ವಿಜ್ಞಾನಿ ಆಂಟನ್ ಡಿ ಬಾರಿ. 1876ರಲ್ಲಿ ಆತ ಅದಕ್ಕಿಟ್ಟ 'ಫೈಟಾಫ್ತೊರಾ' ಎಂಬ ಹೆಸರಿನ ಅರ್ಥ 'ಸಸ್ಯನಾಶಕ'. ಇಂದು ಹಾಸನದ ಹೊಲಗಳಲ್ಲಿ ಎಲೆ ಸುಡುವುದು ಇದೇ ಜೀವಿ.

ಶತ್ರುವಿನ ಗುರುತು ಸಿಕ್ಕಿದರೂ ಜರ್ಮನಿ ಪಾರಾಗಲಿಲ್ಲ. ಮೊದಲ ಮಹಾಯುದ್ಧದ ನಡುವೆ, 1916ರ ಮಳೆಗಾಲದಂಥ ವಾತಾವರಣದಲ್ಲಿ ಅಂಗಮಾರಿ ಹಬ್ಬಿತು. ಬೋರ್ಡೋ ದ್ರಾವಣಕ್ಕೆ ಬೇಕಾದ ತಾಮ್ರ ಮದ್ದುಗುಂಡಿನ ಕಾರ್ಖಾನೆಗೆ ಹೋಗಿತ್ತು. ಬ್ರಿಟಿಷ್ ನೌಕಾಪಡೆ ಸಮುದ್ರದ ದಾರಿ ಕಟ್ಟಿತ್ತು. ಫಸಲು ಹಿಂದಿನ ವರ್ಷದ ಸುಮಾರು ಅರ್ಧಕ್ಕೆ ಕುಸಿದು, ಜನ ದನಕ್ಕೆ ಹಾಕುವ ಒಂದು ಬಗೆಯ ಗೆಡ್ಡೆಯನ್ನು ತಿಂದು ಬದುಕಬೇಕಾಯಿತು. ಆ ಕಾಲವನ್ನು ಅಲ್ಲಿ 'ಟರ್ನಿಪ್ ಚಳಿಗಾಲ' ಎಂದೇ ಕರೆಯುತ್ತಾರೆ.

ದೇಶದ ಬಹುಪಾಲು ಆಲೂಗೆಡ್ಡೆ ಉತ್ತರದ ಬಯಲಿನಲ್ಲಿ ಚಳಿಗಾಲದಲ್ಲಿ ಬೆಳೆಯುತ್ತದೆ. ಹಾಸನದ್ದು ಮುಂಗಾರು ಬೆಳೆ. ಜಡಿಮಳೆ, ಮೋಡ, ತಂಪು ಅಂಗಮಾರಿಗೆ ಹೇಳಿ ಮಾಡಿಸಿದ ಹವೆ. ಬಿತ್ತನೆ ಗೆಡ್ಡೆಗೆ ಪಂಜಾಬಿನ ಜಲಂಧರವನ್ನೇ ನಂಬಿದ್ದು, 1968ರಲ್ಲಿ ಬಿಡುಗಡೆಯಾದ 'ಕುಫ್ರಿ ಜ್ಯೋತಿ' ಎಂಬ ಒಂದೇ ತಳಿಯನ್ನು ದಶಕಗಳ ಕಾಲ ನೆಚ್ಚಿದ್ದು ಕಷ್ಟವನ್ನು ಹೆಚ್ಚಿಸಿತು. 2000ದ ದಶಕದ ಕೊನೆಯ ವರ್ಷಗಳಿಂದ ರೋಗ ಪದೇಪದೇ ಎರಗಿ, ಬೆಳೆಯುವ ಪ್ರದೇಶ ಬಹಳ ಕುಗ್ಗಿತು. ಅನೇಕರು ಮುಸುಕಿನ ಜೋಳಕ್ಕೆ, ಶುಂಠಿಗೆ ಹೊರಳಿದರು. ರೋಗವನ್ನು ಹೆಚ್ಚು ತಾಳುವ ಹಿಮಾಲಿನಿಯಂಥ ತಳಿ, ಗೆಡ್ಡೆಯ ಬದಲು ಕುಡಿಯಿಂದ ಬೆಳೆಸಿದ ಸಸಿ ನೆಡುವ ಪ್ರಯತ್ನಗಳು ಆ ಮೇಲೆ ಬಂದವು.

ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಜರ್ಮನರು ಆಲೂಗೆಡ್ಡೆಯನ್ನು ಹೊಟ್ಟೆಗೆ ನಂಬಿದರು, ಹಾಸನದವರು ಕೈಕಾಸಿಗೆ ನಂಬಿದರು. ಆದ್ದರಿಂದ ಅಂಗಮಾರಿ ಅಲ್ಲಿ ಹಸಿವನ್ನು ತಂದಿತು, ಇಲ್ಲಿ ಸಾಲವನ್ನು ತಂದಿತು. ಗೆಡ್ಡೆ ಕೊಳೆತ ವರ್ಷವೂ ಮನೆಯಲ್ಲಿ ರಾಗಿ ಇದ್ದವನು ಉಪವಾಸ ಬೀಳಲಿಲ್ಲ. ಈಗ ಶುಂಠಿ, ಜೋಳಗಳ ಭರದಲ್ಲಿ ಆ ರಾಗಿಯ ಹೊಲವನ್ನೂ ಬಿಟ್ಟುಕೊಡುವ ಮುನ್ನ 1916ರ ಜರ್ಮನಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.